ಕೆಂಪು ಗುಂಡಿ: ಕಂತು ಹನ್ನೊಂದು — ಕೊನೆಯ ಒಂದು ಕಿಲೋಬೈಟು

"ಉಸಿರು ಬಿಗಿ ಹಿಡೀರಿ ಬಯ್ಯಪ್ಪನೋರೇ. ನೀವು ಮೇಜಿಗೆ ಒರಗಿದ್ರೆ ಸೂಜಿ ಜಾರುತ್ತೆ."

"ಎಷ್ಟೊತ್ತಮ್ಮಾ ಹಿಡಿಯೋದು? ಅರವತ್ಮೂರು ವರ್ಷದ ಎದೆ ಇದು, ಲಾರಿ ಟ್ಯೂಬಲ್ಲ."

ತನುಜ ನಗಲಿಲ್ಲ. ಶಿಡ್ಲಘಟ್ಟದ ಕೋರ್ಟಿನ ಮುದ್ದೇಮಾಲು ಕೋಣೆಯ ಮೇಜಿನ ಮೇಲೆ ಅಂಗೈಯಗಲದ ಹಸಿರು ಸರ್ಕ್ಯೂಟ್ ಕಾರ್ಡೊಂದು ಮಲಗಿತ್ತು. ಅದರ ನಟ್ಟನಡುವೆ ಕರಿಯ ಚಿಪ್. ಅದರ ನಾಲ್ಕು ಕಾಲುಗಳ ಮೇಲೆ ನಾಲ್ಕು ಸೂಜಿ ಊರಿ, ತಂತಿಗಳನ್ನು ತನ್ನ ಹಳೆಯ ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದಳು. ಜಡ್ಜ್ ಸಾಹೇಬರು ಕೊಟ್ಟಿದ್ದು ಅರ್ಧ ಗಂಟೆ. ಎದುರಿಗಿದ್ದ ಗುಮಾಸ್ತರ ಒಂದು ಕೈ ರಿಜಿಸ್ಟರಿನ ಮೇಲೆ, ಒಂದು ಕಣ್ಣು ಗಡಿಯಾರದ ಮೇಲೆ.

ಮೂರು ತಿಂಗಳ ಹಿಂದೆ ಇದೇ ಊರಿನ ಒಂದು ರೀಲಿಂಗ್ ಘಟಕದಲ್ಲಿ, ರೇಷ್ಮೆಗೂಡು ಒಣಗಿಸುವ ಬಿಸಿಗಾಳಿ ಕೋಣೆಯೊಳಗೆ ಗಂಗುಲಪ್ಪ ಎಂಬ ಆಳು ಬೆಂದು ಸತ್ತಿದ್ದ. ಹೊರಗೆ ನಿಂತು ಯಂತ್ರ ನೋಡಿಕೊಳ್ಳುತ್ತಿದ್ದ ಆಂಜಿನಮ್ಮ ಈಗ ಚಿಕ್ಕಬಳ್ಳಾಪುರದ ಜೈಲಿನಲ್ಲಿದ್ದಳು.

ಆ ಕೋಣೆಯ ಬಿಸಿ, ಬಾಗಿಲು, ಬೀಗ ಮೂರನ್ನೂ ಆಳುತ್ತಿದ್ದುದು ಈ ಕಾರ್ಡು. ಇದು ತಾನೇ ಬರೆದಿಡುವ ದಿನಚರಿಯಲ್ಲಿ ಎರಡೇ ಸಾಲು ಸಾಕ್ಷಿಯಿತ್ತು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಹೊರಗಿನ ಶುರು ಗುಂಡಿ ಒತ್ತಲಾಗಿದೆ. ಯಂತ್ರ ನಿಲ್ಲಿಸಿ ಬಾಗಿಲು ತೆರೆಸುವ ಒಳಗಿನ ಕೆಂಪು ಗುಂಡಿ ಒತ್ತಿಲ್ಲ.

ಆಂಜಿನಮ್ಮ ಒಂದೇ ಮಾತು ಹಿಡಿದಿದ್ದಳು. "ನಾನು ಒತ್ತಿಲ್ಲ ಕಣಮ್ಮ. ತಾನೇ ಶುರುವಾಯ್ತು." ಯಂತ್ರಕ್ಕೆ ಸುಳ್ಳು ಹೇಳಲು ಬರುತ್ತದೆಯೇ? ಬಡವಿಗೆ ಬರುತ್ತದೆ. ಊರು ಹಾಗೆ ತೀರ್ಮಾನ ಮಾಡಿ ಆಗಿತ್ತು.

"ಇನ್ನೊಂದ್ಸಲ ಹೇಳಮ್ಮ," ಬಯ್ಯಪ್ಪ ಪಿಸುಗುಟ್ಟಿದ. ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತನಾದವನು, ಈಗ ತನುಜಳ ಜೊತೆ ಓಡಾಡುತ್ತಿದ್ದ. "ಏನು ಹುಡುಕ್ತಿದೀಯ ಅಂತ ಗೊತ್ತಿದ್ರೆ ನಾನೂ ದೇವ್ರಿಗೆ ಸರಿಯಾಗಿ ಕೇಳ್ಕೊಬಹುದು."

ತನುಜ ಸೂಜಿಯ ಮೇಲಿಂದ ಕಣ್ಣು ತೆಗೆಯದೆ ಹೇಳಿದಳು. ಬಸ್ ಸ್ಟ್ಯಾಂಡಿನ ಹಿಂದೆ ಕಾರ್ಡು ರಿಪೇರಿ ಅಂಗಡಿ ಇಟ್ಟವಳು. ಮಾತಿಗಿಂತ ಕೈ ಹೆಚ್ಚು ಆಡಿಸಿ ರೂಢಿ.

"ಚಿಪ್ಪಿನ ನೆನಪು ಅಂದ್ರೆ ಒಂದು ಹೊಲ ಅನ್ಕೊಳಿ. ಇಪ್ಪತ್ತು ಕಿಲೋಬೈಟಿನ ಹೊಲ. ಪ್ರೋಗ್ರಾಮ್ ಬರೆಯೋನು ಮೊದಲೇ ಒಂದು ಪಾಲುಪಟ್ಟಿ ಬರೆದಿಡ್ತಾನೆ, ಲಿಂಕರ್ ಸ್ಕ್ರಿಪ್ಟ್ ಅಂತಾರೆ ಅದಕ್ಕೆ. ಇಷ್ಟು ಜಾಗ ದಿನದ ಗೇಮೆಗೆ, ಅಂದ್ರೆ ಯಂತ್ರದ ದಿನನಿತ್ಯದ ಕೆಲಸಕ್ಕೆ, ಇಷ್ಟು ಜಾಗ ದಿನಚರಿಗೆ. ಚಿಪ್ ಅದನ್ನ ಪ್ರಶ್ನೆ ಮಾಡಲ್ಲ. ಬರೆದಂಗೆ ಉಳುತ್ತೆ."

"ಸರಿ."

"ಈ ಯಂತ್ರದಲ್ಲಿ ಹತ್ತೊಂಬತ್ತು ಗೇಮೆಗೆ, ಕೊನೇ ಒಂದು ದಿನಚರಿಗೆ. ಬರೆದೋನು ದಿನಚರಿಗೆ ಜಾಗ ಕೊಟ್ಟು, ಗೇಮೆ ಪಾಲನ್ನ ಮಾತ್ರ ಇಪ್ಪತ್ತು ಅಂತಲೇ ಬಿಟ್ಟಿದ್ರೆ?"

"ಒಂದೇ ಗುಂಟೆನ ಅಣ್ಣತಮ್ಮ ಇಬ್ರಿಗೂ ಬರೆದಂಗಾಯ್ತು. ಅಂಥಾವು ನಾನು ಸರ್ವಿಸಲ್ಲಿ ನೂರು ನೋಡಿದೀನಿ. ಎರಡು ತಲೆ ಒಡೀತವೆ."

"ಇಲ್ಲಿ ಒಂದೇ ತಲೆ ಹೋಯ್ತು. ಯಂತ್ರದ ಕಚ್ಚಾ ಲೆಕ್ಕ ಹೊಲದ ಆ ಕೊನೇ ಬದುವಿನಿಂದಲೇ ಶುರುವಾಗಿ ಈ ಕಡೆಗೆ ಉಳ್ಕೊಂಡು ಬರುತ್ತೆ. ಅಂದ್ರೆ ದಿನಚರಿ ಮೇಲೇ ನೇಗಿಲು. ಗಂಗುಲಪ್ಪ ಒಳಗಿಂದ ಕೆಂಪು ಗುಂಡಿ ಒತ್ತಿದಾನೆ. ಯಂತ್ರ ಬರ್ಕೊಂಡಿದೆ. ಮರುಗಳಿಗೇಲಿ ತಾನೇ ಉತ್ತು ಅಳಿಸಿ ಹಾಕಿದೆ. 'ಶುರು ಮಾಡು' ಅನ್ನೋ ಗುರುತೂ ಅದೇ ಜಾಗದಲ್ಲಿದೆ. ನೇಗಿಲ ಗೆರೆ ಅದರ ಮೇಲೆ ಬಿದ್ರೆ, ಯಾರೂ ಒತ್ತದೇ ಶುರುವಾಗುತ್ತೆ."

ಗುಮಾಸ್ತರು ರಿಜಿಸ್ಟರಿನಿಂದ ತಲೆಯೆತ್ತಿದರು.

"ಅದು ಈಗ ಹೆಂಗೆ ಗೊತ್ತಾಗುತ್ತೆ?"

"ಪ್ರತಿ ಚಿಪ್ಪಿನ ಮೊದಲ ಸಾಲಲ್ಲಿ ಉಳುಮೆ ಎಲ್ಲಿಂದ ಶುರು ಅಂತ ಬರೆದಿರುತ್ತೆ ಸಾರ್. ಯಂತ್ರನ ಎಬ್ಬಿಸದೇನೇ ಓದಬಹುದು. ಕೊನೇಲಿ 5000 ಅಂತ ಬಂದ್ರೆ ಬದುವಿನ ಕಲ್ಲು ತಪ್ಪಿದ ಜಾಗದಲ್ಲಿದೆ. 4C00 ಅಂತ ಬಂದ್ರೆ ಯಂತ್ರ ಸರಿ."

"ಯಂತ್ರ ಸರಿ ಅಂದ್ರೆ?" ಎಂದ ಬಯ್ಯಪ್ಪ.

"ಆಂಜಿನಮ್ಮ ತಪ್ಪು."

ಅವಳು ಕೀಲಿ ಒತ್ತಿದಳು. ಪರದೆಯ ಮೇಲೆ ಒಂದೇ ಸಾಲು ಮೂಡಿತು.

20004C00.

ಬಯ್ಯಪ್ಪನಿಗೆ ಓದಲು ಬಂತು. ಅವನು ಹಿಡಿದಿದ್ದ ಉಸಿರನ್ನು ನಿಧಾನವಾಗಿ ಬಿಟ್ಟ.

ತನುಜ ಸೂಜಿಗಳನ್ನು ಎತ್ತಿ ಮತ್ತೆ ಊರಿ ಮತ್ತೆ ಓದಿದಳು. ಅದೇ ಸಾಲು. ಮೂರನೇ ಸಲವೂ ಅದೇ. ಹಸಿದ ಮನೆಯವಳು ಖಾಲಿ ಎಂದು ಗೊತ್ತಿದ್ದೂ ರಾಗಿ ಡಬ್ಬಿಯನ್ನು ಮತ್ತೊಂದು ಸಲ ಅಲ್ಲಾಡಿಸಿ ನೋಡುತ್ತಾಳಲ್ಲ, ಹಾಗಿತ್ತು ಅದು.

"ಇನ್ನು ಒಂಬತ್ತು ನಿಮಿಷ," ಎಂದರು ಗುಮಾಸ್ತರು. ದನಿಯಲ್ಲಿ ಮೊದಲಿನ ಬಿರುಸಿರಲಿಲ್ಲ.

ಕಾರ್ಡನ್ನು ಚೀಲಕ್ಕೆ ಹಾಕಲು ಎತ್ತಿದವಳು ಕೈ ತಡೆದಳು. ಬೆಳಕಿಗೆ ಹಿಡಿದಳು. ತಿರುಗಿಸಿದಳು. ಆಮೇಲೆ, ಗುಮಾಸ್ತರು ಕಣ್ಣು ಬಿಡುತ್ತಿದ್ದಂತೆ, ಮೂಗಿಗೆ ಹಿಡಿದು ಮೂಸಿದಳು.

"ಬಯ್ಯಪ್ಪನೋರೇ, ಒಂದ್ಸಲ ಮೂಸಿ."

"ಏಮಮ್ಮಾ, ಇದೇನು ಕರಬೂಜನಾ?"

"ಮೂಸಿ ಅಂದೆ."

ಮೂಸಿದ. ಹುಬ್ಬು ಗಂಟಿಕ್ಕಿದ. "ಏನೂ ಇಲ್ವಲ್ಲ. ಹೊಸ ರೇಡಿಯೋ ವಾಸನೆ ಇದ್ದಂಗಿದೆ."

"ಏನೂ ಇಲ್ಲ. ಅದೇ."

ತನುಜಳ ತಾಯಿ ಇಪ್ಪತ್ತೆರಡು ವರ್ಷ ಬಿಸಿನೀರಿನ ಬಾಂಡಲಿಯ ಮುಂದೆ ಕೂತು ನೂಲು ತೆಗೆದವಳು. ಗೂಡಿನೊಳಗಿನ ಹುಳ ಬೇಯುವಾಗ ಏಳುವ ಎಣ್ಣೆಯ ಆವಿ ಆ ಮನೆಯ ಗೋಡೆ, ಸೀರೆ, ತಲೆಕೂದಲು, ಮಕ್ಕಳ ಪುಸ್ತಕ ಯಾವುದನ್ನೂ ಬಿಟ್ಟಿರಲಿಲ್ಲ. ಸೀಗೆಪುಡಿ ಹಾಕಿ ತಿಕ್ಕಿದರೂ ಬಿಡದ ವಾಸನೆ ಅದು. ಬಿಸಿಗಾಳಿ ಕೋಣೆಯ ಗೋಡೆಗೆ ಎರಡು ವರ್ಷ ಅಂಟಿಕೊಂಡಿದ್ದ ಕಾರ್ಡಿನ ಮೇಲೆ ಬೆರಳಿಟ್ಟರೆ ಹಳದಿ ಜಿಡ್ಡು ಅಂಟಬೇಕು, ಮೂಲೆಯಲ್ಲಿ ರೇಷ್ಮೆಯ ನವಿರು ಕಸ ಕೂತಿರಬೇಕು. ಇದು ಮದುವಣಗಿತ್ತಿಯ ಹಾಗೆ ಮಿಂದು ಬಂದಿತ್ತು.

"ಇದು ಆ ಕಾರ್ಡಲ್ಲ ಸಾರ್," ಎಂದಳು ಗುಮಾಸ್ತರಿಗೆ. "ಸೀಲ್ ಬೀಳೋ ಮುಂಚೇನೇ ಬದಲಾಯಿಸಿದಾರೆ. ಬೀಗ ಬಿಟ್ಟು ಹೆಣ ಹೊರಗೆ ಬಂದಿದ್ದು ಸಂಜೆ ಆರಕ್ಕೆ. ಡಬ್ಬಿ ಬಿಚ್ಚಿ ಸೀಲ್ ಮಾಡಿದ್ದು ಮಾರನೇ ದಿನ ಬೆಳಿಗ್ಗೆ ಹತ್ತಕ್ಕೆ."

ಗುಮಾಸ್ತರು ಕೆಟ್ಟವರಲ್ಲ. ಕಾರ್ಡಿನ ಹಿಂದಿನ ನಂಬರನ್ನು ರಿಜಿಸ್ಟರಿನ ನಂಬರಿನ ಪಕ್ಕ ಹಿಡಿದು ತೋರಿಸಿದರು. ಒಂದು ಅಂಕಿಯೂ ಹೆಚ್ಚುಕಡಿಮೆಯಿಲ್ಲ.

"ಚೀಟಿ ಕಿತ್ತು ಅಂಟಿಸಬಹುದು," ಎಂದಳು.

"ಅಂಟಿಸಬಹುದು. ನಾನು ಶಿಡ್ಲಘಟ್ಟದೋನೇ ಅಮ್ಮ, ಆ ವಾಸನೆ ನನಗೂ ಗೊತ್ತು." ಚೀಲದ ಬಾಯಿಗೆ ಅರಗು ಕರಗಿಸುತ್ತ ಹೇಳಿದರು. "ಆದ್ರೆ ಮಹಜರಲ್ಲಿ ವಾಸನೆ ಬರೆಯೋಕೆ ಕಾಲಂ ಇಲ್ಲ."

ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಗೂಡಿನ ಮಾರುಕಟ್ಟೆಯ ಕಡೆಯಿಂದ ಟೆಂಪೋಗಳು ಖಾಲಿ ಕ್ರೇಟು ಕುಣಿಸಿಕೊಂಡು ಹೋಗುತ್ತಿದ್ದವು. ಬಯ್ಯಪ್ಪನ ಹಳೇ ಓಮ್ನಿಯೊಳಗೆ ಕೂರುತ್ತಿದ್ದಂತೆ ಫೋನು ಬಂತು. ಆಂಜಿನಮ್ಮನ ವಕೀಲ ಉದಯಕುಮಾರ್.

"ಏನಾಯ್ತು ತನುಜ?"

ಹೇಳಿದಳು.

"ನೋಡಮ್ಮ, ನಾಳೆ ಕೋರ್ಟಲ್ಲಿ ಆಕೆ ತಪ್ಪು ಒಪ್ಕೊಂಡ್ರೆ, ಅಜಾಗರೂಕತೆ ಅಂತ ಒಂದೆರಡು ವರ್ಷದಲ್ಲಿ ಮುಗಿಸೋಕೆ ನೋಡಬಹುದು. ಇಲ್ಲಾಂದ್ರೆ ಸರ್ಕಾರಿ ವಕೀಲರು ಹಿಡಿದಿರೋ ದಾರಿನೇ ಬೇರೆ. ಬೆಳಿಗ್ಗೆ ಆಕೆಗೂ ಗಂಗುಲಪ್ಪನಿಗೂ ಜಗಳ ಆಗಿತ್ತು, ಒಳಗಿದಾನೆ ಅಂತ ಗೊತ್ತಿದ್ದೇ ಒತ್ತಿದಳು ಅಂತಾರೆ. ಅದು ನಿಂತ್ರೆ ಹತ್ತು ವರ್ಷಕ್ಕೂ ಕಡಿಮೆ ಇಲ್ಲ."

"ಆಂಜಿನಮ್ಮ ಏನಂದ್ರು?"

"ಒಪ್ಪಲ್ವಂತೆ. ತನುಜಮ್ಮ ಏನಾದ್ರೂ ತರ್ತಾಳೆ, ನಾನು ಕಾಯ್ತೀನಿ ಅಂದ್ಲು. ನೀನು ಆಕೆಗೆ ಇಲ್ಲದ ಆಸೆ ಹುಟ್ಟಿಸಿದೀಯ. ಈಗ ಅದನ್ನ ಇಳಿಸೋದೂ ನೀನೇ."

ಫೋನು ಇಟ್ಟಮೇಲೂ ಅವಳು ಅದನ್ನು ಕೈಯಲ್ಲೇ ಹಿಡಿದಿದ್ದಳು.

"ಮನೆಗೋ?" ಎಂದ ಬಯ್ಯಪ್ಪ.

"ಸರಿಯಾದ ಪಾಲುಪಟ್ಟಿ ಹಾಕಿ, ಅದೇ ನಂಬರು ಒಳಗೂ ಬರೆದು, ಹೊಸ ಕಾರ್ಡು ತಯಾರು ಮಾಡೋಕೆ ಯಾರಿಗೆ ಬರುತ್ತೆ? ಮಾಡಿದೋರಿಗೇ ಬರಬೇಕು."

"ಮೋಹನ್‌ಬಾಬು." ಗೌರಿಬಿದನೂರಿನ ಶೆಡ್ಡೊಂದರಲ್ಲಿ ಈ ಯಂತ್ರಗಳನ್ನು ಮಾಡಿ ಮಾರುತ್ತಿದ್ದವನು. "ಆತ ವಕೀಲನಿಲ್ದೆ ಆಕಳಿಸೋದೂ ಇಲ್ಲ ಕಣಮ್ಮ. ಇದೇ ಥರದ ಮಿಕ್ಕ ಆರು ಮೆಷಿನ್ನಿಗೂ ಸಾವಾದ ವಾರವೇ ಫ್ರೀ ಸರ್ವಿಸ್ ಅಂತ ಹೋಗಿ ಹಳೇ ಪ್ರೋಗ್ರಾಮ್ ಒರೆಸಿಟ್ಟಿದಾನೆ. ನೀನೇ ಎಲ್ಲಾ ನೋಡ್ಕೊಂಡ್ ಬಂದ್ಯಲ್ಲ, ಚಿಂತಾಮಣಿದು, ಮುರುಗಮಲ್ಲದ್ದು."

"ಮೋಹನ್‌ಬಾಬು ಪ್ರೋಗ್ರಾಮ್ ಬರೆಯಲ್ಲ. ಬರೀತಿದ್ದೋನು ಬೇರೆ. ಅದೇ ವಾರ ಕೆಲಸ ಬಿಟ್ಟ. ಹತ್ತು ದಿನದಿಂದ ನನ್ನ ಫೋನು ಎತ್ತಿಲ್ಲ."

"ಸಿದ್ಧಾರ್ಥ್. ವಿದುರಾಶ್ವತ್ಥದ ಹತ್ರ ಮನೆ." ಬಯ್ಯಪ್ಪ ಗಾಡಿಗೆ ಕೀಲಿ ಹಾಕಿದ. "ಅಡ್ರೆಸ್ಸು ನಿನ್ನೆ ಸಾಯಂಕಾಲವೇ ಸಿಕ್ತು. ಈ ಚಿಪ್ಪೇ ಮಾತಾಡಿಬಿಟ್ರೆ ಆ ಹುಡುಗನ್ನ ಯಾಕೆ ಗೋಳು ಹುಯ್ಕೋಬೇಕು ಅಂತ ಸುಮ್ನಿದ್ದೆ."

ಚಿಕ್ಕಬಳ್ಳಾಪುರ ದಾಟಿ, ಮಂಚೇನಹಳ್ಳಿಯಲ್ಲಿ ಒಂದು ಟೀ ಕುಡಿದರು. ತನುಜ ಅರ್ಧ ಲೋಟ ಹಾಗೇ ಬಿಟ್ಟಳು. ಬಯ್ಯಪ್ಪ ಅದನ್ನೂ ಕುಡಿದ. ಮೂಲ ಕಾರ್ಡು ಇನ್ನೂ ಎಲ್ಲಾದರೂ ಇರಬಹುದು ಎಂಬ ಒಂದು ಎಳೆ ಅವಳ ತಲೆಯಲ್ಲಿತ್ತು. ಅದನ್ನು ಜಗ್ಗಲು ಅವಳಿಗೆ ಧೈರ್ಯವಿರಲಿಲ್ಲ. ಜಗ್ಗಿದರೆ ಕಿತ್ತುಬರುವ ನೂಲು ಯಾವುದೆಂದು ನೂಲು ತೆಗೆಯುವವರ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮನೆ ಊರ ಹೊರಗಿತ್ತು. ಜಗಲಿಯ ಮೇಲೆ ಬಿಚ್ಚಿಟ್ಟ ಪಂಪ್‌ಸೆಟ್ ಸ್ಟಾರ್ಟರುಗಳು, ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಇಂಜಿನಿಯರಿಂಗ್ ಪದವಿಯ ಗೌನು ತೊಟ್ಟ ಹುಡುಗನ ಫೋಟೋ. ಬಾಗಿಲಲ್ಲಿ ನಿಂತ ಮುನಿಗಂಗಪ್ಪ, ಸಿದ್ಧಾರ್ಥನ ತಂದೆ, ಬಯ್ಯಪ್ಪನ ಬೂಟನ್ನು ನೋಡಿ ಮುಖ ನೋಡಿದ.

"ಪೊಲೀಸಾ?"

"ಆಗಿದ್ದೆ ಅಣ್ಣ. ಈಗ ಡ್ರೈವರು."

"ಬೂಟು ಇನ್ನೂ ಹೇಳ್ತಾ ಇದೆ." ಮುನಿಗಂಗಪ್ಪ ನಗಲಿಲ್ಲ, ಬೈಯಲೂ ಇಲ್ಲ. ಒಳಗೆ ತಿರುಗಿ ಕೂಗಿದ. "ಲೋ ಸಿದ್ದು, ಬಂದವ್ರೆ ಕಣಪ್ಪ. ಮೂರು ತಿಂಗ್ಳಿಂದ ಯಾರಿಗೆ ಕಾಯ್ತಿದ್ಯೋ ಅವ್ರು ಬಂದವ್ರೆ."

ಸಿದ್ಧಾರ್ಥ್ ಕೈಯಲ್ಲಿ ಸ್ಕ್ರೂ ಡ್ರೈವರ್ ಹಿಡಿದೇ ಹೊರಗೆ ಬಂದ. ಇಪ್ಪತ್ತೇಳಿರಬೇಕು. ಗಡ್ಡ ಬೋಳಿಸಿ ಹತ್ತು ದಿನವಾಗಿತ್ತು. ತನುಜಳನ್ನು ನೋಡಿ, "ಕಾರ್ಡು ಓದಿದ್ರಾ ಮೇಡಂ?" ಎಂದ.

"ಓದಿದೆ."

"4C00."

"ಹೌದು."

"ನೀಟಾಗಿದ್ಯಾ?"

"ನೀಟಾಗಿದೆ. ತುಂಬಾ ನೀಟಾಗಿದೆ. ನೀವು ಯಾವತ್ತೂ ರೀಲಿಂಗ್ ಮನೇಲಿ ಬೆಳೆದಿಲ್ಲ ಅಂತ ಗೊತ್ತಾಗುತ್ತೆ."

ಹುಡುಗ ಜಗಲಿಯ ಮೇಲೆ ಕುಸಿದು ಕೂತ. ತಂದೆ ಅವನ ಪಕ್ಕದಲ್ಲೇ, ಆದರೆ ಮುಟ್ಟದೆ ಕೂತ.

"ವಾಸನೆ," ಎಂದ ಸಿದ್ಧಾರ್ಥ್. "ಛೆ. ವಾಸನೆ ನೆನಪಾಗ್ಲಿಲ್ಲ."

"ಹೇಳಿ ಸಿದ್ಧಾರ್ಥ್. ಪಾಲುಪಟ್ಟೀಲಿ ಎರಡು ಜಾಗ ಒಂದರ ಮೇಲೊಂದು ಕೂತಿತ್ತು, ಅಲ್ವಾ?"

"ಕೂತಿತ್ತು. ನಾನೇ ಕೂರ್ಸಿದ್ದು." ಅವನು ತಲೆ ತಗ್ಗಿಸಿಯೇ ಮಾತಾಡಿದ. "ಮೊದ್ಲು ದಿನಚರಿ ಇರ್ಲಿಲ್ಲ. ಯಾವ ಗೂಡಿಗೆ ಎಷ್ಟು ಬಿಸಿ ಹೋಯ್ತು ಅಂತ ರೀಲರ್‌ಗಳು ಕೇಳೋಕ್ ಶುರು ಮಾಡಿದ್ರು. ಸ್ಕ್ರಿಪ್ಟಿಗೆ ಒಂದು ಸಾಲು ಸೇರಿಸ್ದೆ, ಕೊನೇ ಒಂದು ಕಿಲೋಬೈಟು ದಿನಚರಿಗೆ ಅಂತ. ಮೇಲಿನ ಸಾಲಲ್ಲಿ ಇಪ್ಪತ್ತನ್ನ ಹತ್ತೊಂಬತ್ತು ಮಾಡೋದು ಮರೆತೆ. ಕಂಪ್ಯೂಟರು ಒಂದೇ ಒಂದು ಮಾತು ಆಡ್ಲಿಲ್ಲ ಮೇಡಂ. ಎಚ್ಚರಿಕೆ ಇಲ್ಲ, ತಪ್ಪು ಅಂತಿಲ್ಲ. ಚೆನ್ನಾಗಿ ಓಡ್ತು."

"ಎರಡು ವರ್ಷ ಓಡ್ತಲ್ಲ. ಏಳು ಮೆಷಿನ್ನಲ್ಲಿ ಆರಕ್ಕೆ ಏನೂ ಆಗ್ಲಿಲ್ಲ. ಇದೊಂದಕ್ಕೇ ಯಾಕೆ?"

ಈ ಪ್ರಶ್ನೆ ಅವಳನ್ನು ಎರಡು ವಾರದಿಂದ ತಿನ್ನುತ್ತಿತ್ತು. ಸಿದ್ಧಾರ್ಥ್ ಸ್ಕ್ರೂ ಡ್ರೈವರಿನ ತುದಿಯಿಂದ ಮಣ್ಣಲ್ಲಿ ಗೆರೆ ಎಳೆಯುತ್ತಿದ್ದವನು ನಿಲ್ಲಿಸಿದ.

"ಮಿಕ್ಕವೆಲ್ಲ ಇಂಗ್ಲಿಷಲ್ಲಿ ಓಡ್ತಿದ್ವು. ಇದೊಂದೇ ಕನ್ನಡದಲ್ಲಿ."

"ಏನು?"

"ಡಿಸ್‌ಪ್ಲೇ. ಇಂಗ್ಲಿಷ್ ಅಕ್ಷರಕ್ಕೆ ಜಾಸ್ತಿ ಜಾಗ ಬೇಡ. ಯಂತ್ರದ ಕಚ್ಚಾ ಕೆಲ್ಸ ಆ ಕೊನೇ ಕಿಲೋಬೈಟಿನ ಅರ್ಧಕ್ಕೇ ನಿಲ್ತಿತ್ತು. ಗುಂಡಿಗಳ ಗುರುತುಗಳು ಇದ್ದಿದ್ದು ಈಚೆ ಅರ್ಧದಲ್ಲಿ. ಕನ್ನಡದಲ್ಲಿ ಒತ್ತು, ಕೊಂಬು, ದೀರ್ಘ ಎಲ್ಲಾ ಜೋಡಿಸಿ ಬಿಡಿಸ್ಬೇಕು. ಕಚ್ಚಾ ಕೆಲ್ಸ ದುಪ್ಪಟ್ಟಾಗುತ್ತೆ. ಸೀದಾ ಗುರುತುಗಳ ಮೇಲೇ ಹೋಗುತ್ತೆ. ನಾನು ಶೆಡ್ಡಲ್ಲಿ ಇಂಗ್ಲಿಷಲ್ಲೇ ಪರೀಕ್ಷೆ ಮಾಡ್ತಿದ್ದಿದ್ದು."

"ಕನ್ನಡ ಯಾಕೆ ಹಾಕಿದ್ರಿ?"

"ಆಂಜಿನಮ್ಮನೋರು ಕೇಳಿದ್ರು." ಅವನು ಮೊದಲ ಸಲ ತಲೆಯೆತ್ತಿದ. "'ಸಿದ್ದು, ನಾನು ಕಲಿತಿರೋದು ರಾತ್ರಿ ಶಾಲೆ ಕನ್ನಡ. ಈ ಪೆಟ್ಟಿಗೆ ಏನಂತದೆ ಅಂತ ದಿನಾ ಇನ್ನೊಬ್ರನ್ನ ಕೇಳ್ಕೊಂಡಿರೋದು ನಾಚ್ಕೆ ಆಗುತ್ತೆ' ಅಂದ್ರು. ನಾನು ಆ ಸಾವಿನ ಹಿಂದಿನ ಭಾನುವಾರ ಕೂತು ಬರೆದ್ಕೊಟ್ಟೆ. ಮೋಹನ್‌ಬಾಬು ಸಾರ್‌ಗೂ ಗೊತ್ತಿರ್ಲಿಲ್ಲ. ನನ್ನಮ್ಮಂಗೂ ಇಂಗ್ಲಿಷ್ ಬರಲ್ಲ ಮೇಡಂ."

ಬಯ್ಯಪ್ಪ ಟೋಪಿಯಿಲ್ಲದ ತಲೆಯನ್ನು ಸವರಿಕೊಂಡ. ಒಂದು ಒಳ್ಳೆಯ ಕೆಲಸ ಹೋಗಿ ಒಬ್ಬನ ಮೈ ಸುಟ್ಟಿತ್ತು. ಇದರಲ್ಲಿ ಕಳ್ಳನನ್ನು ಎಲ್ಲಿ ಹುಡುಕುವುದು?

"ಕಾರ್ಡು ಬದಲಾಯಿಸಿದ್ದು?" ತನುಜ ಬಿಡಲಿಲ್ಲ.

"ನಾನೇ. ಅವತ್ತು ಏಳು ಗಂಟೆಗೆ ಮೋಹನ್‌ಬಾಬು ಸಾರ್ ಫೋನ್ ಮಾಡಿ ಬಾ ಅಂದ್ರು. ಘಟಕದ ಮಾಲೀಕರೂ ಅವರೂ ಮಾತಾಡ್ಕೊಂಡಿದ್ರು. ಹೊಸ ಕಾರ್ಡಿಗೆ ಹತ್ತೊಂಬತ್ತು ಹಾಕ್ದೆ. ಹಳೇ ನಂಬರ್ ಬರೆದೆ. ದಿನಚರೀಲಿರೋ ಆ ಎರಡು ಸಾಲು…" ಸ್ಕ್ರೂ ಡ್ರೈವರನ್ನು ಕೆಳಗಿಟ್ಟ. "ಆ ಎರಡು ಸಾಲೂ ನಾನೇ ಟೈಪ್ ಮಾಡಿದ್ದು. ಅವರು ಹೇಳ್ತಾ ಹೋದ್ರು, ನಾನು ಹೊಡೀತಾ ಹೋದೆ."

"ಹಳೇ ಕಾರ್ಡು ಎಲ್ಲಿದೆ?"

"ಅಲ್ಲೇ ಬಾಯ್ಲರ್ ಒಲೆಗೆ ಹಾಕಿದ್ರು. ನನ್ನ ಎದುರಿಗೇ."

"ಪ್ರೋಗ್ರಾಮಿನ ಹಳೇ ಫೈಲು?"

"ಲ್ಯಾಪ್‌ಟಾಪ್ ಅವರ್ದು. ತಗೊಂಡ್ರು. ನನ್ನ ಹತ್ರ ಇದ್ದಿದ್ನ ನಾನೇ ಅಳಿಸ್ದೆ. ಹೆದ್ರಿದ್ದೆ ಮೇಡಂ."

ಆ ಎಳೆ ಕಿತ್ತುಬಂತು. ಸದ್ದೂ ಆಗಲಿಲ್ಲ. ತನುಜ ಜಗಲಿಯ ಕಂಬಕ್ಕೆ ಒರಗಿದಳು.

ಬಯ್ಯಪ್ಪನಿಗೆ ಮಾತ್ರ ಹಳೆಯ ನೌಕರಿ ಮೈಮೇಲೆ ಬಂತು. ಹುಡುಗನ ಮುಂದೆ ಬಂದು ನಿಂತ. "ಲೋ, ಒಬ್ಬ ಹೆಂಗಸು ಮೂರು ತಿಂಗಳಿಂದ ಒಳಗೆ ಕೊಳೀತಾ ಇದಾಳೆ. ನಿನಗೆ ಎಲ್ಲಾ ಗೊತ್ತು. ಮನೇಲಿ ಕೂತು ಸ್ಟಾರ್ಟರ್ ಬಿಚ್ಕೊಂಡು ಇದೀಯ. ಅನ್ನ ಹೆಂಗೋ ಇಳೀತದೆ ನಿನಗೆ?"

"ಇಳೀತಿಲ್ಲ ಸ್ವಾಮಿ," ಎಂದ ಮುನಿಗಂಗಪ್ಪ. "ನೋಡ್ರಿ ಅವನ ಕೊರಳು. ದಿನಾ ಹೇಳ್ತೀನಿ, ಹೋಗಿ ಹೇಳಪ್ಪ, ಜೈಲಾದ್ರೆ ಆಗ್ಲಿ, ನಾನು ಹೊರಗೆ ಕೂತಿರ್ತೀನಿ ಅಂತ. ಆಗಲ್ಲ ಅಪ್ಪಾ, ಹೇಳಿದ್ರೆ ಇನ್ನೂ ಕೆಟ್ಟದಾಗುತ್ತೆ ಅಂತಾನೆ. ಯಾರಿಗೆ ಅಂದ್ರೆ ಬಾಯಿ ಬಿಡಲ್ಲ."

"ಯಾರಿಗೆ ಕೆಟ್ಟದಾಗುತ್ತೆ?" ತನುಜ ಕೇಳಿದಳು. "ನಿಮಗಾ?"

"ನನಗಾಗೋದು ಆಗೇ ಆಗುತ್ತೆ. ಅದಕ್ಕೆ ಹೆದರ್ಕೊಂಡು ಮೊದಲ ತಿಂಗಳು ಸುಮ್ನಿದ್ದೆ. ಆಮೇಲೆ ಹೆದರಿಕೆ ಹೋಯ್ತು."

"ಹಾಗಾದ್ರೆ ನಾಳೆ ಬನ್ನಿ. ಇವತ್ತು ನನಗೆ ಹೇಳಿದ್ದನ್ನೇ ಅಲ್ಲಿ ಹೇಳಿ."

"ಬರ್ತೀನಿ."

ಇಷ್ಟು ಸುಲಭವಾಗಿ ಬಂದ ಆ ಒಂದು ಮಾತಿಗೆ ತನುಜ ಸಿದ್ಧಳಿರಲಿಲ್ಲ. ಬಯ್ಯಪ್ಪನೂ ಎತ್ತಿದ ಬೆರಳನ್ನು ಹಾಗೇ ಗಾಳಿಯಲ್ಲಿ ಬಿಟ್ಟ.

"ಬರ್ತೀನಿ ಮೇಡಂ. ಆದ್ರೆ ಬರೀ ಬಾಯಿಮಾತು ಯಾರು ಕೇಳ್ತಾರೆ? ಕೆಲಸ ಬಿಟ್ಟುಹೋದ ಸಿಟ್ಟಿಗೆ ಹೇಳ್ತಿದಾನೆ ಅಂತಾರೆ ಮೋಹನ್‌ಬಾಬು ವಕೀಲರು. ಸಾಕ್ಷಿ ಏನಿದೆ ಅಂತಾರೆ. ಇರೋದು ಒಂದೇ."

"ಇದೆಯಾ?" ಅವಳು ಕಂಬ ಬಿಟ್ಟು ನೆಟ್ಟಗಾದಳು. "ಏನದು?"

ಅವನು ಜೇಬಿನಿಂದ ಫೋನು ತೆಗೆದ. ಗಾಜು ಒಡೆದಿತ್ತು, ಮೇಲೆ ಟೇಪು ಹಾಕಿದ್ದ.

"ಅವತ್ತು ಮಧ್ಯಾಹ್ನ ಮುರುಗಮಲ್ಲದ ಮೆಷಿನ್ನಿನ ಕಾರ್ಡಿಗೂ ಕನ್ನಡ ಹಾಕೋಣ ಅಂತ ಮೇಜಿನ ಮೇಲೆ ಇಟ್ಕೊಂಡು ನೋಡ್ತಿದ್ದೆ. ಕೆಂಪು ಗುಂಡಿ ಒತ್ತಿದ್ರೆ ಅದಕ್ಕೆ ಮರ್ತುಹೋಗ್ತಿತ್ತು. ಮೂರೂ ಮುಕ್ಕಾಲಿಗೆ ತಪ್ಪು ಗೊತ್ತಾಯ್ತು. ತಕ್ಷಣ ಶಿಡ್ಲಘಟ್ಟಕ್ಕೆ ಫೋನ್ ಮಾಡ್ದೆ. ಆ ಘಟಕದ ಫೋನು ಒಂದಿತ್ತು ಮೇಡಂ, ಮೆಷಿನ್ ಪಕ್ಕ ಮೊಳೆಗೆ ನೇತುಹಾಕಿರ್ತಿದ್ರು. ಅದೂ ಆಮೇಲೆ ಒಲೆಗೇ ಹೋಯ್ತು. ಬಾಯ್ಲರ್ ಸದ್ದಿಗೆ ಯಾರೂ ಎತ್ಲಿಲ್ಲ. ಅದಕ್ಕೆ ವಾಯ್ಸ್ ಮೆಸೇಜ್ ಹಾಕ್ದೆ. ನನ್ನ ಕಡೇದು ಇನ್ನೂ ಇದೆ. ಟೈಮು, ತಾರೀಕು ಎಲ್ಲಾ ಇದೆ."

"ಸಾವಿಗೆ ಮುಂಚೆ?"

"ಹದಿನೆಂಟು ನಿಮಿಷ ಮುಂಚೆ."

ಹದಿನೆಂಟು ನಿಮಿಷ ಮುಂಚೆ, ಯಂತ್ರದಲ್ಲಿ ದೋಷವಿದೆ ಎಂದು ಮಾಡಿದವನೇ ಹೇಳಿದ ಮಾತು. ಒಲೆಗೆ ಬೀಳದ, ಒರೆಸಲಾಗದ ಮಾತು. "ಇದನ್ನ ಇಟ್ಕೊಂಡು ಮೂರು ತಿಂಗಳು ಸುಮ್ನಿದ್ರಾ?"

"ಕೇಳಿ ಮೇಡಂ. ಕೇಳಿದ್ಮೇಲೆ ಬೈರಿ."

ಅವನು ಒತ್ತಿದ. ಅವನದೇ ದನಿ, ಏದುಸಿರಿನೊಂದಿಗೆ: "ಆಂಜಿನಮ್ಮಕ್ಕ, ಸಿದ್ದು ಮಾತಾಡ್ತಿರೋದು. ಮೆಷಿನ್ನಲ್ಲಿ ತಪ್ಪಿದೆ ಅಕ್ಕ. ಕನ್ನಡದಲ್ಲಿ ಇಟ್ರೆ ಒಳಗಿನ ಕೆಂಪು ಗುಂಡಿ ಕೆಲ್ಸ ಮಾಡಲ್ಲ, ತಾನೇ ಶುರುವಾದ್ರೂ ಆಗ್ಬಹುದು. ಡಿಸ್‌ಪ್ಲೇನ ಇಂಗ್ಲಿಷಿಗೆ ಹಾಕಿ. ನಾಳೆ ನಾನೇ ಬಂದು ಸರಿ ಮಾಡ್ತೀನಿ. ಅಲ್ಲೀವರ್ಗೂ ಯಾರ್ನೂ ಒಳಗೆ ಬಿಡ್ಬೇಡಿ ಅಕ್ಕ, ದಮ್ಮಯ್ಯ."

"ಇದು ಸಾಕು," ಎಂದಳು ತನುಜ. "ಸಿದ್ಧಾರ್ಥ್, ಇದು ಸಾಕು. ಯಂತ್ರ ತಾನೇ ಶುರುವಾಗುತ್ತೆ ಅಂತ ನೀವೇ—"

"ಅದರ ಕೆಳಗೆ ಇನ್ನೊಂದಿದೆ." ಅವನ ಬೆರಳು ಪರದೆಯ ಮೇಲೆ ನಿಂತಿತ್ತು. "ಮೂರು ಐವತ್ತೆಂಟಕ್ಕೆ ಉತ್ತರ ಬಂತು. ಒಂದನ್ನ ತೋರ್ಸಿ ಇನ್ನೊಂದನ್ನ ಮುಚ್ಚಿಡೋಕಾಗಲ್ಲ. ಫೋನೇ ಕೊಡಿ ಅಂತಾರೆ ಅಲ್ಲಿ."

ಹನ್ನೊಂದು ಸಲ ತನುಜ ಜೈಲಿಗೆ ಹೋಗಿ ಆಂಜಿನಮ್ಮನ ಎದುರು ಕೂತಿದ್ದಳು. ಅವತ್ತು ಬೆಳಗಿನ ಜಗಳ, ಮಧ್ಯಾಹ್ನದ ಊಟ, ಗೂಡು ಹರಡುವ ತಟ್ಟೆಗಳ ಲೆಕ್ಕ, ಬೆಕ್ಕು ಅಡ್ಡ ಬಂದದ್ದು ಎಲ್ಲವನ್ನೂ ಆಂಜಿನಮ್ಮ ಹೇಳಿದ್ದಳು. ಮೊಳೆಯ ಮೇಲಿನ ಫೋನಿನ ವಿಷಯ ಒಂದು ಸಲವೂ ಬಂದಿರಲಿಲ್ಲ.

ಸಿದ್ಧಾರ್ಥ್ ಒತ್ತಿದ.

ಮೊದಲು ಬಾಯ್ಲರಿನ ಭೋರ್ಗರೆತ. ಅದರ ಮೇಲೆ, ದೂರದವರಿಗೆ ಕೂಗಿ ಹೇಳುವ ಹಾಗೆ, ತನುಜಳಿಗೆ ಚೆನ್ನಾಗಿ ಗೊತ್ತಿದ್ದ ದನಿ: "ಆಯ್ತಪ್ಪ ಸಿದ್ದು, ಕೇಳಿಸ್ತು. ಇಂಗ್ಲಿಷಿಗೆ ಹಾಕಿದ್ರೆ ನನಗೆ ಓದೋಕೆ ಬರಲ್ವಲ್ಲಪ್ಪ. ಇದೊಂದು ಮಾಲು ಇಳಿಸಿಬಿಡ್ತೀವಿ, ಮಾಲೀಕರು ಕಾಯ್ತಾವ್ರೆ. ನಾಳೆ ಬಾ."

ಮಾತು ಮುಗಿಯಿತು. ಸದ್ದು ಮುಗಿಯಲಿಲ್ಲ.

"ರೆಕಾರ್ಡ್ ಗುಂಡಿಯಿಂದ ಬೆರಳು ತೆಗಿಯೋದು ಮರ್ತಿದಾರೆ," ಎಂದ ಸಿದ್ಧಾರ್ಥ್ ಮೆಲ್ಲಗೆ.

ಭೋರ್ಗರೆತದ ನಡುವೆ ತಟ್ಟೆಗಳ ಕಣಕಣ. ಒಬ್ಬ ಗಂಡಸಿನ ದನಿ, ತನುಜ ಎಂದೂ ಕೇಳದ ದನಿ, ಹತ್ತಿರ ಬಂದು ಕೇಳಿತು: "ಏನಂತಕ್ಕ ಅವ್ನು?"

"ಏನಿಲ್ಲ ಗಂಗುಲಪ್ಪ. ನೀನು ಒಳಕ್ ಹೋಗು, ತಟ್ಟೆ ತಿರುಗ್ಸು."

ಫೋನು ಸುಮ್ಮನಾಯಿತು. ಮುನಿಗಂಗಪ್ಪ ಕಣ್ಣು ಮುಚ್ಚಿಕೊಂಡಿದ್ದ. ಬಯ್ಯಪ್ಪ ಆ ಒಡೆದ ಗಾಜಿನ ಫೋನನ್ನು ನೋಡಿದ, ಜಗಲಿಯ ಪಕ್ಕದ ನೀರಿನ ತೊಟ್ಟಿಯನ್ನು ನೋಡಿದ, ತನುಜಳ ಮುಖ ನೋಡಿದ. ಮೂವತ್ತು ವರ್ಷ ಪೊಲೀಸನಾಗಿದ್ದವನು ಹಾಗೆ ನೋಡಬಾರದಿತ್ತು.

ಸಿದ್ಧಾರ್ಥ್ ಫೋನನ್ನು ಅವಳ ಕೈಗಿಟ್ಟ.

"ನಾಳೆ ಎಷ್ಟು ಗಂಟೆಗೆ ಬರ್ಬೇಕು ಮೇಡಂ?"